ಇಸ್ಪೀಟಿನ ರಾಣಿಗೆ ಮೀಸೆ

ಇಸ್ಪೀಟಿನ ರಾಣಿಗೆ ಮೀಸೆ ಮೂಡಿದಂತೆ ಕಾಣತೊಡಗಿದಾಗಲೇ ನಾನು ಕಣ್ಣಿನ ವೈದ್ಯರ ಬಳಿ ಹೋಗಬೇಕಿತ್ತು, ಗೆಳೆಯರೇ. ಆದರೆ ದಿನವೂ ಗೆಲ್ಲುತ್ತಿರುವವಳು ವೈದ್ಯರನ್ನೇಕೆ ಹುಡುಕಿಯಾಳು? ತಾರ್ನಾಕದ ನಮ್ಮ ಮನೆಯಲ್ಲಿ ಮಧ್ಯಾಹ್ನವೆಂದರೆ ರಮ್ಮಿ. ಎದುರಿಗೆ ಕೂರುವವಳು ಪಕ್ಕದ ಮನೆಯ ಗಂಗವ್ವ, ಕಲಬುರಗಿಯವಳು, ನನ್ನಂತೆಯೇ ಗಂಡನ ಕಾರ್ಖಾನೆ ನೌಕರಿಯ ಬೆನ್ನುಹತ್ತಿ ಹೈದರಾಬಾದಿಗೆ ಬಂದು ಇಲ್ಲಿಯೇ ತಲೆ ನರೆಸಿಕೊಂಡವಳು. ಕಣ್ಣು ಮಸುಕಾದಷ್ಟೂ ನನ್ನ ಗೆಲುವು ಏರುತ್ತಿತ್ತು. ಪ್ರತಿಭೆಗೆ ಕಣ್ಣೇಕೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಕಡೆಗೆ ಸಾರಿಗೆ ಉಪ್ಪೆಂದು ಸಕ್ಕರೆ ಸುರಿದ ದಿನ ನಮ್ಮವರು ಆಸ್ಪತ್ರೆಗೆ ಕರೆದೊಯ್ದರು. ಅಕ್ಷಿಪಟಲದ ನಡುಭಾಗ ಸವೆದಿದೆ, ಇದಕ್ಕಿನ್ನು ಔಷಧಿಯಿಲ್ಲ ಎಂದರು ವೈದ್ಯರು. ಅವರ ಮಾತು ಅಲ್ಲಿಗೇ ಮುಗಿಯಲಿಲ್ಲ. ಉಳಿದಿರುವ ದೃಷ್ಟಿಯಲ್ಲೇ ಬಾಳುವುದನ್ನು ಕಲಿಸುವ ವಿಭಾಗವೊಂದು ಕೆಳಗಿನ ಮಹಡಿಯಲ್ಲಿದೆ ಎಂದು ಕಳಿಸಿಕೊಟ್ಟರು. ಅಲ್ಲಿದ್ದ ತರಬೇತುದಾರಳು ಸರಿತಾ ಅಕ್ಷರಗಳ ಫಲಕ ತೋರಿಸುವ ಮೊದಲೇ, "ಅಮ್ಮಾ, ನಿಮಗೆ ಏನು ಮಾಡಲು ಆಸೆ?" ಎಂದು ತೆಲುಗಿನಲ್ಲಿ ಕೇಳಿದಳು. ದೇವರ ಪಟ ನೋಡಬೇಕು ಎನ್ನಲು ಹೊರಟ ನಾಲಿಗೆ, "ರಮ್ಮಿ ಆಡಬೇಕಮ್ಮಾ" ಎಂದುಬಿಟ್ಟಿತು.

ಅವಳು ನಗಲಿಲ್ಲ. ಅಂಚಿನ ದೃಷ್ಟಿ ಚೆನ್ನಾಗಿದೆ, ನೇರ ನೋಡದೆ ಓರೆಯಾಗಿ ನೋಡಿ ಎಂದಳು. ಹರೆಯದಲ್ಲಿ ಅವ್ವ ಬೈದು ಬಿಡಿಸಿದ್ದ ಓರೆನೋಟವನ್ನು ಮುಪ್ಪಿನಲ್ಲಿ ಆಸ್ಪತ್ರೆಯೇ ವಿಧಿಸಿತು! ಜೊತೆಗೆ ದೀಪವಿರುವ ಭೂತಗನ್ನಡಿ, ದಪ್ಪ ಅಂಕಿಯ ಇಸ್ಪೀಟೆಲೆಗಳು. ಮರುವಾರ ಅದೇ ವಿಭಾಗದವರೊಬ್ಬರು ಮನೆಗೇ ಬಂದು ಮೆಟ್ಟಿಲಂಚಿಗೆ ಹಳದಿ ಪಟ್ಟಿ ಅಂಟಿಸಿದರು, ಉಪ್ಪಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿದರು, ಆಟದ ಮೇಜಿನ ಮೇಲಕ್ಕೆ ದೀಪ ಬಾಗಿಸಿದರು.

ಆ ಮಧ್ಯಾಹ್ನ ಗಂಗವ್ವ ಕೆಳಗಿಟ್ಟ ಎಲೆಯನ್ನು ಓರೆಗಣ್ಣಿನಿಂದ ನೋಡಿದೆ.

"ಗಂಗವ್ವಾ, ಜೋಕರ್ ಯಾಕ ಒಗದಿ?"

ಅವಳ ಕೈ ಅಲ್ಲೇ ನಿಂತಿತು. "ಅಯ್ಯ, ಕಾಣಸಾಕತ್ತೈತೇನ್ರಿ ಅಕ್ಕಾರ?"

"ಎಂದಿನಿಂದ ಒಗಿಯಾಕತ್ತಿ?"

"ನಿಮ್ಮ ಕಣ್ಣ ಮಂಜಾದಾಗಿಂದರಿ. ಸೋತ್ರ ನೀವು ಆಟಾನ ಬಿಡ್ತೀರಿ ಅಂತ ಹೆದರಿಕಿ. ನೀವು ಬಿಟ್ರ ಮಧ್ಯಾನ ನಾ ಯಾರ ಮನಿಗಿ ಹೋಗ್ಲಿ?"

ನನ್ನ ಪ್ರತಿಭೆ ಮೇಜಿನ ಮೇಲೆ ಅಂಗಾತ ಬಿತ್ತು. ಸಿಟ್ಟು ಬಂತು, ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಭೂತಗನ್ನಡಿ ಒರೆಸುವ ನೆವದಲ್ಲಿ ಕಣ್ಣೊರೆಸಿಕೊಂಡು, "ಇನ್ನ ಖರೇನ ಆಡು" ಎಂದೆ.

ಆಡಿದಳು ನೋಡಿ! ಒಂದಾದ ಮೇಲೊಂದು ಆಟ ಸೋತೆ. ಕಡೆಗೆ ತಡೆಯಲಾರದೆ, "ಸ್ವಲ್ಪರ ಕರುಣಾ ಇರಲಿ ಗಂಗವ್ವಾ" ಎಂದೆ.

"ಕಣ್ಣ ಬಂದಾವಲ್ರಿ ಅಕ್ಕಾರ, ಇನ್ನೆಂಥಾ ಕರುಣಾ?" ಎಂದು ಗಹಗಹಿಸಿ, ಅವಳು ಮತ್ತೆ ಎಲೆ ಕಲೆಸಿದಳು.