ಹುಚ್ಚವ್ವ ಬಿಡಿಸಲಾರದ ಸಿಕ್ಕು

ಹೂವಿನ ಹಿಪ್ಪರಗಿಯ ನಮ್ಮ ಓಣಿಯಲ್ಲಿ ಹುಚ್ಚವ್ವನಷ್ಟು ಕೂದಲಿಗೆ ಹೆದರಿದವಳನ್ನು ನಾನು ಕಂಡಿಲ್ಲ. ಕುರಿ ಕಾಯುವ ಚಂದಪ್ಪನ ಹೆಂಡತಿ. ಒಬ್ಬಳೇ ಮಗಳು ರೇವವ್ವ, ತಲೆ ತುಂಬ ಗುಂಗುರು ಕೂದಲು. ಬೇರೆ ತಾಯಿಯಾಗಿದ್ದರೆ ಹಿಗ್ಗುತ್ತಿದ್ದಳು. ಹುಚ್ಚವ್ವನಿಗೆ ಅದನ್ನು ಕಂಡರೆ ದಿಗಿಲು. ಅವಳ ಅಕ್ಕನಿಗೂ ಇಂಥದೇ ಕೂದಲು; ಅದು ಗಂಟುಗಟ್ಟಿ ಜಡೆಯಾಯಿತು. ಕೂದಲು ತಾನಾಗಿ ಜಡೆಗಟ್ಟಿದರೆ ಎಲ್ಲಮ್ಮ ಕರೆದಳೆಂದೇ ನಮ್ಮ ಕಡೆ ಲೆಕ್ಕ. ಕತ್ತರಿಸುವಂತಿಲ್ಲ, ಬಿಡಿಸುವಂತಿಲ್ಲ. ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟರೆ ಮುಗಿಯಿತು, ಮದುವೆಯಿಲ್ಲ, ಮನೆಯಿಲ್ಲ. ಅಕ್ಕ ದೇವಿಯ ಬುಟ್ಟಿ ಹೊತ್ತು ಬೇಡುತ್ತಾ ಯಾವುದೋ ಊರಿನಲ್ಲಿ ಸತ್ತಳು.

ಗುಂಗುರು ಕೂದಲು ಒಣಗಿದರೆ ಸಿಕ್ಕಾಗುತ್ತದೆ. ನಮ್ಮೂರ ಬಾವಿಯ ಸವಳು ನೀರು ಬಿದ್ದರಂತೂ ಪುಂಡಿ ನಾರೇ ಸೈ. ಅದಕ್ಕೆ ಹುಚ್ಚವ್ವ ದೂರದ ತೋಟದ ಬಾವಿಯಿಂದ ಸಿಹಿನೀರು ಹೊತ್ತು ತರುತ್ತಿದ್ದಳು. ಅಗಸೆ ಬೀಜ ಕುದಿಸಿ, ಬಿಸಿಯಿರುವಾಗಲೇ ಅರಿವೆಯಲ್ಲಿ ಹಿಂಡಿ, ಆ ಲೋಳೆಯನ್ನು ಒದ್ದೆ ಕೂದಲಿಗೆ ಸವರುತ್ತಿದ್ದಳು. ಮೇಲೊಂದಿಷ್ಟು ಕುಸುಬೆ ಎಣ್ಣೆ. ರೇವವ್ವ ಒಣ ತಲೆಗೆ ಹಣಿಗೆ ಹಾಕಿದರೆ ಕೈಮೇಲೆ ಏಟು. ತುದಿಯಿಂದ ಬೆರಳಲ್ಲೇ ಬಿಡಿಸುತ್ತಾ ಬುಡಕ್ಕೆ ಹೋಗಬೇಕು.

"ಏ ಹುಚ್ಚವ್ವಾ, ಇಷ್ಟ ಎಣ್ಣಿ ತಲಿಗಿ ಹಾಕಿದ್ರ ಪಲ್ಯಾಕ್ಕ ಏನ್ ಹಾಕ್ತಿ?" ಎಂದು ನಾವು ಕಾಡಿಸುತ್ತಿದ್ದೆವು.

"ನಗ್ರಿ. ಇಕಿ ಒಂದು ಮನಿ ಸೇರಿದ ಮ್ಯಾಲ ನಾನೂ ನಗತೇನಿ" ಎನ್ನುತ್ತಿದ್ದಳು, ತಲೆ ಎತ್ತದೆ.

ಎಪ್ಪತ್ತನಾಲ್ಕರಲ್ಲಿ ನಾಲತವಾಡದ ಅಮಸಿದ್ದನ ಜೊತೆ ರೇವವ್ವನ ಮದುವೆ ಗೊತ್ತಾಯಿತು. ಮದುವೆ ಹತ್ತಿರ ಬಂದಾಗ ಹುಡುಗಿಗೆ ಸೀತಾಳೆ ಸಿಡುಬು ಎದ್ದಿತು. ಅಮ್ಮ ಬಂದ ಮನೆಯಲ್ಲಿ ಎಣ್ಣೆ ಮುಟ್ಟುವಂತಿಲ್ಲ, ತಲೆ ಬಾಚುವಂತಿಲ್ಲ, ನೀರು ಹಾಕುವಂತಿಲ್ಲ. ಹುಚ್ಚವ್ವನ ಅತ್ತೆ ಶೆಟ್ಟೆವ್ವ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿ ಕಾವಲು ಕುಳಿತಳು. ಹುಚ್ಚವ್ವನೂ ಚಾಚೂ ತಪ್ಪದೆ ಪಾಲಿಸಿದಳು. ಒಬ್ಬ ದೇವಿಯ ಸಿಟ್ಟಿಗೆ ಹೆದರಿ ಇನ್ನೊಬ್ಬಳ ಕೈಗೆ ಮಗಳನ್ನು ಕೊಡುತ್ತಿದ್ದೇನೆಂದು ಅವಳಿಗೆ ಹೊಳೆಯಲಿಲ್ಲ. ರೇವವ್ವ ಜ್ವರದಲ್ಲಿ ಕೌದಿಗೆ ತಲೆ ತಿಕ್ಕುತ್ತಾ ಬಿದ್ದಿದ್ದಳು.

ಅಮ್ಮ ಇಳಿದು ತಲೆಗೆ ನೀರು ಹಾಕಿದ ದಿನ, ಹೆಡಕಿನ ಹತ್ತಿರ ಹುಚ್ಚವ್ವನ ಬೆರಳು ನಿಂತುಬಿಟ್ಟವು. ಮುಷ್ಟಿಯಷ್ಟು ಗಂಟು. ಮಗಳಿಗೆ ಸೆರಗು ಹೊದಿಸಿ ಒಳಗೆ ಒಯ್ದು, ಅಗಸೆ ಕುದಿಸಿ, ಲೋಳೆ ಸುರಿದು ಎಳೆ ಎಳೆ ಬಿಡಿಸತೊಡಗಿದಳು. ನೀರು ಕಾಸಿಕೊಡಲು ಹೋದ ನಾನು ಕಣ್ಣಾರೆ ಕಂಡೆ, ಅರ್ಧ ಗಂಟು ಬಿಟ್ಟಿತ್ತು. ಅಷ್ಟರಲ್ಲಿ ಶೆಟ್ಟೆವ್ವ ಒಳಗೆ ಬಂದಳು. ನೋಡಿದವಳೇ ಮೊಮ್ಮಗಳ ಕಾಲಿಗೆ ಬಿದ್ದಳು.

"ಅತ್ತಿ, ಇದು ಬರೇ ಸಿಕ್ಕು ಐತ್ರಿ. ಬಿಡಾಕತ್ತೈತಿ ನೋಡ್ರಿ. ಸಂಜೀತನಾ ಸುಮ್ಮನಿರ್ರಿ" ಎಂದಳು ಹುಚ್ಚವ್ವ.

"ತಾಯಿ ಕರದಾಳ. ಕೈ ತಗಿ. ಮನಿತನಾ ಹಾಳ ಮಾಡತಿಯೇನು?"

ಶೆಟ್ಟೆವ್ವ ದೇವರ ಜಗುಲಿಯಿಂದ ಭಂಡಾರದ ಅರಿಶಿನ ತಂದು ಗಂಟಿಗೆ ಬಳಿದಳು. ಭಂಡಾರ ಬಿದ್ದ ಮೇಲೆ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಚಂದಪ್ಪ ಬಂದು, ನೋಡಿ, ಗೋಡೆಗೆ ಮುಖ ಮಾಡಿ ಕುಳಿತ. ನಾಲತವಾಡದವರು ಬೇರೆ ಹೆಣ್ಣು ನೋಡಿಕೊಂಡರು. ರೇವವ್ವನಿಗೆ ಮುತ್ತು ಕಟ್ಟಿದರು. ದೇವಿಗೆ ಅಷ್ಟು ಹೆದರುವ ಊರು ಆ ಹುಡುಗಿಯ ಅಳುವಿಗೆ ಹೆದರಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಈಗ ಮಂಗಳವಾರಕ್ಕೊಮ್ಮೆ ರೇವವ್ವ ಬುಟ್ಟಿ ಹೊತ್ತು ಓಣಿಗೆ ಬರುತ್ತಾಳೆ. ಜಡೆ ಬೆನ್ನಿಗಿಳಿದಿದೆ. ತಾಯಿಯ ಬಾಗಿಲಲ್ಲೂ ನಿಲ್ಲುತ್ತಾಳೆ. ಹುಚ್ಚವ್ವ ಮೊರದಲ್ಲಿ ಜೋಳ ತಂದು ಹಾಕುತ್ತಾಳೆ. ಎಲ್ಲರ ಹಾಗೆ ಕಾಲಿಗೂ ಬೀಳಬೇಕು, ಬೀಳುತ್ತಾಳೆ. ಕಳೆದ ಸಲ ಸೆರಗಿನ ಮರೆಯಿಂದ ಒಂದು ಬಟ್ಟಲು ತೆಗೆದು ಮಗಳ ಕೈಗಿಟ್ಟಳು. ಅಗಸೆಯ ಲೋಳೆ, ಇನ್ನೂ ಬೆಚ್ಚಗಿತ್ತು.

ರೇವವ್ವ ಇನ್ನೊಂದು ಕೈಯಿಂದ ಜಡೆಯನ್ನು ಮುಂದಕ್ಕೆ ಎಳೆದು ಹಿಡಿದಳು.

"ಇದನ್ನ ಎಲ್ಲಿ ಹಚ್ಚಕೊಳ್ಲಿ ಯವ್ವಾ?"

ಹುಚ್ಚವ್ವ ಬಟ್ಟಲನ್ನು ತಿರುಗಿ ತೆಗೆದುಕೊಂಡು ಒಳಗೆ ಹೋದಳು.