ಡಾಕ್ಟ್ರ ಹತ್ತಿರ ಕೇಳಬೇಕಾದದ್ದು

ಮಿಮಿಕ್ರಿ ಮಾಡುವವನಿಗೆ ಮದುವೆ ಮನೆಯಲ್ಲಿ ಚಪ್ಪಾಳೆ ಸಿಗುತ್ತದೆ, ಹುಡುಗಿ ಸಿಗುವುದಿಲ್ಲ. ಬಾಡಿಗೆ ಕೋಣೆಗೆ ಬಂದು ಯಾರ್ಯಾರದ್ದೋ ಧ್ವನಿಯಲ್ಲಿ 'ಊಟ ಆಯ್ತಾ ಮಾರಾಯ' ಎಂದು ನನಗೆ ನಾನೇ ಕೇಳಿಕೊಳ್ಳುವುದು. ಅದು ಬೇಜಾರಾಗಿ ಈಗ ರಜೆಯ ದಿನ ಡಾಕ್ಟ್ರಾಗುತ್ತೇನೆ. ಮರೆವಿನ ಕಾಯಿಲೆಯವರನ್ನು ಪುತ್ತೂರಿನ ಡಾಕ್ಟ್ರಿಗೆ ತೋರಿಸಲು ಕರೆದುಕೊಂಡು ಹೋಗುವ ಮೊದಲು, ಮನೆಯವರು ನನ್ನೆದುರು ಕೂತು ಪ್ರಶ್ನೆ ಕೇಳಿ ಅಭ್ಯಾಸ ಮಾಡುತ್ತಾರೆ. ನಾನು ಡಾಕ್ಟ್ರ ಧ್ವನಿಯಲ್ಲಿ ಗದರುತ್ತೇನೆ. ಇಲ್ಲದಿದ್ದರೆ ನಮ್ಮವರು ಡಾಕ್ಟ್ರ ಮುಖ ಕಂಡದ್ದೇ, "ಎಂತ ಇಲ್ಲ, ಎಲ್ಲ ಹುಷಾರುಂಟು" ಎಂದು ಎದ್ದು ಬರುವ ಜನ. ಪಕ್ಕದಲ್ಲೇ ಕೂತವರ ಬಗ್ಗೆ ದೂರು ಹೇಳುವುದು ಹೇಗೆ ಎಂಬ ಸಂಕೋಚ ಬೇರೆ.

ಐವರ್ನಾಡಿನ ಅಕ್ಕನೊಬ್ಬರು ಕಳೆದ ಸಲ ಹಾಗೆಯೇ ಎದ್ದು ಬಂದಿದ್ದರು. ಅವರ ಗಂಡ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡುತ್ತಿದ್ದವರು. ಈಗ ಸಂಜೆಯಾದರೆ ಹೆಂಡತಿಯನ್ನೇ ನೆಂಟರೆಂದುಕೊಂಡು, "ಕತ್ತಲಾಯ್ತಲ್ಲ, ನಿಮ್ಮ ಮನೆಯಲ್ಲಿ ಕಾಯುದಿಲ್ವಾ?" ಎಂದು ಮರ್ಯಾದೆಯಿಂದ ಕೇಳುತ್ತಾರೆ. ಅಕ್ಕ ಚಪ್ಪಲಿ ಹಾಕಿ ಎದುರು ಬಾಗಿಲಿಂದ ಹೊರಡುತ್ತಾರೆ. ಹೊರಗಿನ ಬಚ್ಚಲಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಅಡುಗೆಮನೆ ಬಾಗಿಲಿಂದ ಹೆಂಡತಿಯಾಗಿ ಒಳಗೆ ಬರುತ್ತಾರೆ. ಹೀಗೆ ಮಾಡುವುದು ಸರಿಯಾ, ಅಲ್ಲ 'ನಾನು ನಿಮ್ಮ ಹೆಂಡತಿ' ಎಂದು ಹಟ ಹಿಡಿಯಬೇಕಾ? ಅಕ್ಕನಿಗೆ ಡಾಕ್ಟ್ರಿಂದ ಗೊತ್ತಾಗಬೇಕಾದದ್ದು ಅಷ್ಟೇ.

ಅವರ ಜಗಲಿಯಲ್ಲಿ ಕೂತು ನಾನು ಕನ್ನಡಕ ಮೂಗಿಗಿಳಿಸಿದೆ. "ಹೇಳಿ ಅಮ್ಮಾ, ಎಂತ ತೊಂದರೆ?"

"ನಿನ್ನ ಮುಖ ಕಂಡ್ರೆ ಡಾಕ್ಟ್ರಲ್ಲ ಮಾರಾಯ, ಕಂಪೌಂಡರ್ ಸಹ ಅಲ್ಲ."

"ಧರ್ಮಕ್ಕೆ ಸಿಗುವ ಡಾಕ್ಟ್ರು ಹೀಗೇ ಇರುದು ಅಕ್ಕ. ಕೇಳಿ."

ನಗುತ್ತಾ ಶುರು ಮಾಡಿದವರು ಅರ್ಧದಲ್ಲಿ ಅತ್ತರು. ಮೂಗು ಒರೆಸಿಕೊಂಡು ಮತ್ತೆ ಕೇಳಿದರು.

ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಅಲ್ಲಿ, ನಾನು ಮೊದಲೇ ಹೇಳಿಟ್ಟ ಹಾಗೆ, ನರ್ಸ್ ಬಿಪಿ ನೋಡುವ ನೆಪದಲ್ಲಿ ಗಂಡನನ್ನು ಹೊರಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿದ್ದೇ ಅಕ್ಕ ಒಂದೇ ಉಸಿರಿಗೆ ಕೇಳಿಬಿಟ್ಟರು. ನಿಜವಾದ ಡಾಕ್ಟ್ರು ಗದರಲೇ ಇಲ್ಲ. "ವಾದ ಮಾಡ್ಬೇಡಿ. ನೀವು ಮಾಡುದರಿಂದ ಅವರಿಗೆ ಸಮಾಧಾನ ಆಗ್ತದೆ. ಆದ್ರೆ ಅವರನ್ನು ತುಂಬ ಹೊತ್ತು ಒಬ್ಬರೇ ಬಿಡ್ಬೇಡಿ. ಗ್ಯಾಸ್, ಕತ್ತಿ ಕೈಗೆ ಸಿಗುದು ಬೇಡ" ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, "ಹಾಗೆ ಹೊರಗೆ ನಿಂತಿರುವಾಗ ನಿಮಗೆ ಮಾತಾಡ್ಲಿಕ್ಕೆ ಯಾರುಂಟು?" ಎಂದು ಕೇಳಿದರು.

ಇದಕ್ಕೆ ನಾವು ಅಭ್ಯಾಸ ಮಾಡಿರಲಿಲ್ಲ. ನಾನು ಆಡುವ ಡಾಕ್ಟ್ರು ಯಾರ ಹತ್ತಿರವೂ ಇದನ್ನು ಕೇಳಿದವರಲ್ಲ. ಅಕ್ಕ ನನ್ನ ಕಡೆ ನೋಡಿದರು. ಊರಿನ ಅರ್ಧ ಜನರ ಧ್ವನಿ ನನ್ನ ಗಂಟಲಲ್ಲುಂಟು, ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ಇವರಿದ್ದಾರಲ್ಲ" ಎಂದು ಅಕ್ಕ, ಗಂಡ ಆಚೆಗಿದ್ದ ಆ ಮುಚ್ಚಿದ ಬಾಗಿಲು ತೋರಿಸಿದರು.