ಅರ್ಧ ದಾರಿಯಿಂದ ಹಿಂದಿರುಗಿದವನು

ಕನಕಪುರದ ಟಾಕೀಸಿನಲ್ಲಿ ಮೊಮ್ಮಗಳು ನನಗೊಂದು ಸೂಪರ್‌ಹೀರೊ ಸಿನಿಮಾ ತೋರಿಸಿದಳು. ಅದರ ನಾಯಕ ಹಾರುವವನಲ್ಲ, ನನ್ನಂಥ ಕೂಲಿಯವನು. ಬೆಂಕಿ ಕಂಡು ಹೆದರಿ ಓಡುತ್ತಾನೆ, ಅರ್ಧ ದಾರಿಯಲ್ಲಿ ನಿಂತು ಒಳಗಿದ್ದವರಿಗಾಗಿ ಹಿಂದಿರುಗುತ್ತಾನೆ. ಆ ಹೆದರಿಕೆ ನಿಜವಾಗಿತ್ತು. ಅಲ್ಲಿಂದ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ವರ್ಷಗಳ ಹಿಂದೆ ನಾನು ದುಡಿಯುತ್ತಿದ್ದ ಕಲ್ಲಿನ ಕ್ವಾರಿಯಲ್ಲಿ, ಬಂಡೆ ಸಿಡಿಸುವ ಮದ್ದಿನ ಬತ್ತಿ ಹಚ್ಚುವ ಮುಂಚೆ ಎಲ್ಲರೂ ದೂರ ಸರಿಯಲೆಂದು ಮೂರು ಸಲ ಸೀಟಿ ಊದಬೇಕಿತ್ತು. ಮಳೆ ಬಂದೀತೆಂದು ನಾನೊಮ್ಮೆ ಊದದೆಯೇ ಹಚ್ಚಿ ಓಡಿದೆ. ಜೊತೆಗೆ ದುಡಿಯುತ್ತಿದ್ದ ಗೆಳೆಯ ಕ್ವಾರಿಯ ಹಳ್ಳದಲ್ಲೇ ಇದ್ದಾನೆಂದು ಓಡುವಾಗ ನೆನಪಾಯಿತು, ನಿಲ್ಲಲಿಲ್ಲ. ಅವನ ಕಾಲು ಹೋಯಿತು. ಊದಿದ್ದೆ, ಅವನಿಗೇ ಕೇಳಿಸಲಿಲ್ಲ ಎಂದು ಎಲ್ಲರಿಗೂ ಸುಳ್ಳು ಹೇಳಿದೆ.

ಸಿನಿಮಾ ನೋಡಿದ ಮರುದಿನವೇ ಅವನೂರು ಹೊಂಗನೂರಿಗೆ ಹೋಗಿ, ಅಂದು ಸೀಟಿ ಊದಿರಲೇ ಇಲ್ಲವೆಂದು ಅವನೆದುರು ಒಪ್ಪಿಕೊಂಡೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವನು ತಲೆಯೆತ್ತಿದ.

"ಥೂ ನಿನ್ನ! ನನ್ ಕಿವೀನೇ ಸರಿಯಿಲ್ಲ ಅಂತ ಇಷ್ಟು ವರ್ಸ ನಂಬ್ಕೊಂಡಿದ್ನಲ್ಲಾ ಕಣ್ಲಾ!"